ಕ್ಯಾಮ್ ಇಲ್ಲದ ವಾಲ್ವ್: ಪ್ರಾಜೆಕ್ಟಿಗೆ ಯಾವುದನ್ನು ಹಿಡಿಯಬಹುದು?

ಕೇಳಿದವರು, ಸುರತ್ಕಲ್:
ಮೆಕ್ಯಾನಿಕಲ್ ಕೊನೇ ವರ್ಷ. ಸಿಂಗಲ್ ಸಿಲಿಂಡರ್ ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಮಾಮೂಲಿ ಕ್ಯಾಮ್ (ತಿರುಗುತ್ತಾ ವಾಲ್ವನ್ನು ಒತ್ತಿ ತೆರೆಯುವ ಉಬ್ಬು), ಅದನ್ನು ಮುಚ್ಚುವ ಸ್ಪ್ರಿಂಗ್ ಬಿಟ್ಟು ಬೇರೆ ರೀತಿಯಲ್ಲಿ ವಾಲ್ವ್ ಓಡಿಸಬೇಕೆಂದಿದ್ದೇವೆ. ರೋಟರಿ, ಸ್ಲೀವ್, ಡೆಸ್ಮೋ, ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಎಳೆಯುವ ಕಾಯಿಲ್) ಎಲ್ಲ ಓದಿದ್ದಾಯಿತು. ಕೈಯಾರೆ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೈಕಂಪಾಡಿ, ಲೇತ್ ಕೆಲಸ:
ರೋಟರಿ ನೋಡಲು ಸುಲಭ, ತೂತು ಇರುವ ಸಿಲಿಂಡರ್ ತಿರುಗಿದರೆ ಆಯ್ತು. ಕಷ್ಟ ಇರುವುದು ಸೀಲಿಂಗ್‌ನಲ್ಲಿ. ಟೈಟ್ ಇಟ್ಟರೆ ಬಿಸಿಗೆ ಹಿಗ್ಗಿ ಜಾಮ್, ಲೂಸ್ ಇಟ್ಟರೆ ಕಂಪ್ರೆಶನ್ ಸೋರಿಕೆ. ಸ್ಲೀವ್ ವಾಲ್ವ್ ಬ್ರಿಸ್ಟಲ್ ಹರ್ಕ್ಯುಲಿಸ್ ವಿಮಾನ ಎಂಜಿನಿನಲ್ಲಿ ಚೆನ್ನಾಗಿಯೇ ಓಡಿದೆ. ಆದರೆ ಪಿಸ್ಟನ್ ಸುತ್ತ ಇರುವ ಆ ತೆಳು ಸ್ಲೀವ್ ಮೇಲೆ ಕೆಳಗೆ ಹೋಗುತ್ತಾ ಅತ್ತಿತ್ತ ತಿರುಗಲೂ ಬೇಕು. ಕಾಲೇಜಿನ ವರ್ಕ್‌ಶಾಪಿನಲ್ಲಿ ಅಷ್ಟು ಗುಂಡಗೆ ಬೋರ್ ಮಾಡಿ ತರುವುದು ಹೇಳಿದಷ್ಟು ಸುಲಭ ಅಲ್ಲ ಮಾರಾಯ್ರೇ.

ಉಡುಪಿ, ಬೈಕ್ ಗ್ಯಾರೇಜ್:
ಡೆಸ್ಮೋದಲ್ಲಿ ಸ್ಪ್ರಿಂಗ್ ಬದಲು ವಾಲ್ವ್ ಮುಚ್ಚಲಿಕ್ಕೂ ಕ್ಯಾಮ್ ಓಡಿಸುವ ಒಂದು ರಾಕರ್ (ಲಿವರ್) ಉಂಟು. 1956ರಲ್ಲಿ ಇಟಲಿಯ ಬೈಕ್ ಕಂಪನಿ ಡುಕಾಟಿಗೆ ಎಂಜಿನಿಯರ್ ಟಾಲಿಯೋನಿ ಅದನ್ನು ತಂದ ಕಾಲದಲ್ಲಿ ಸ್ಪ್ರಿಂಗ್‌ಗಳು ಮುರಿಯುತ್ತಿದ್ದವು. ಈಗಿನ ಸ್ಪ್ರಿಂಗ್ ಹಾಗಲ್ಲ. 2020ರಲ್ಲಿ ಬಂದ ವಿ4 ಗ್ರಾಂಟುರಿಸ್ಮೋ ಎಂಜಿನಿನಲ್ಲಿ ಡುಕಾಟಿಯವರೇ ಡೆಸ್ಮೋ ಬಿಟ್ಟು ಸ್ಪ್ರಿಂಗ್ ಹಾಕಿದರು, ವಾಲ್ವ್ ಚೆಕ್ 60,000 ಕಿ.ಮೀ.ಗೆ ಹೋಯಿತು. ಕಲಿಯಲಿಕ್ಕೆ ಡೆಸ್ಮೋ ಒಳ್ಳೇದೇ, ಆದರೆ ನೀವು ಹೊಸದಾಗಿ ಸೇರಿಸುವಂಥದ್ದು ಅದರಲ್ಲಿ ಕಡಿಮೆ.

ಮಣಿಪಾಲ:
ಸೊಲೆನಾಯ್ಡ್ ಹಿಡಿಯಿರಿ. ನಾವು ಬೆಂಚಿನ ಮೇಲೆ ಮಾಡಿದ್ದೆವು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸಮಯದ ಲೆಕ್ಕ ಹಾಕಿ. ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವ್, ಕ್ರ್ಯಾಂಕ್ ಸುಮಾರು 230 ಡಿಗ್ರಿ ತಿರುಗುವಷ್ಟು ಹೊತ್ತು ತೆರೆದಿರುತ್ತದೆ ಅಂದುಕೊಳ್ಳಿ. 3000 ಆರ್‌ಪಿಎಂನಲ್ಲಿ ಅದು ಬರೇ 13 ಮಿಲಿಸೆಕೆಂಡ್, 1000ದಲ್ಲಿ 38. ನೀವು 1000ದಲ್ಲೇ ಇರಿ.

ತೆರೆಯುವುದು ದೊಡ್ಡ ವಿಷಯವೇ ಅಲ್ಲ, ಮುಚ್ಚುವುದೇ ಕಷ್ಟ. ಕ್ಯಾಮ್ ಕೊನೇ ಗಳಿಗೆಯಲ್ಲಿ ವಾಲ್ವನ್ನು ಮೆಲ್ಲ ಇಳಿಸಿ ಸೀಟಿನಲ್ಲಿ ಕೂರಿಸುತ್ತದೆ. ಸೊಲೆನಾಯ್ಡ್ ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ನೇರ ಹೊಡೆಯುತ್ತದೆ. ಟಕ್ ಟಕ್ ಅಂತ ಸದ್ದು ಕೋಣೆಯ ಹೊರಗೂ ಕೇಳುತ್ತಿತ್ತು. ವಾಲ್ವ್ ಬಿಚ್ಚಿ ನೋಡಿದರೆ ಮುಖದ ಸುತ್ತ ಹೊಳೆಯುವ ಜಜ್ಜಿದ ಪಟ್ಟಿ. ಇನ್ನೊಂದು, ಕಾಯಿಲ್ ಆಫ್ ಮಾಡುವಾಗ ಏಳುವ ವೋಲ್ಟೇಜ್ ತಡೆಯಲು ಸಾದಾ ಡಯೋಡ್ ಹಾಕಿದರೆ ಕರೆಂಟ್ ನಿಧಾನಕ್ಕೆ ಇಳಿಯುತ್ತದೆ, ವಾಲ್ವ್ ತಡವಾಗಿ ಬಿಡುತ್ತದೆ. ಜೊತೆಗೆ ಝೀನರ್ ಡಯೋಡ್ ಸೇರಿಸಿದ ಮೇಲೆ ಆ ತಡ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು. ಸ್ವೀಡನ್ನಿನ ಕಾರು ಕಂಪನಿ ಕೋನಿಗ್‌ಸೆಗ್‌ನ ಕ್ಯಾಮ್ ಇಲ್ಲದ ಫ್ರೀವಾಲ್ವ್‌ನಲ್ಲಿ ಗಾಳಿಯಿಂದ ತಳ್ಳಿ ಎಣ್ಣೆಯಿಂದ ತಡೆಯುವುದು ಯಾಕೆಂದು ಆಗ ಅರ್ಥವಾಯಿತು.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮುಟ್ಟಬೇಡಿ. 25 ಮಿ.ಮೀ. ವಾಲ್ವ್ ತೆರೆಯುವಾಗ ಒಳಗೆ 4 ಬಾರ್ ಒತ್ತಡ ಇದ್ದರೆ ಅದರ ಮೇಲೆ ಸುಮಾರು 20 ಕೆ.ಜಿ. ಭಾರ ಬೀಳುತ್ತದೆ. ಫಿಯೆಟ್ ಕೂಡ ಮಲ್ಟಿಏರ್‌ನಲ್ಲಿ ಇನ್‌ಲೆಟ್ ಮಾತ್ರ ಎಣ್ಣೆ ಮತ್ತು ಸೊಲೆನಾಯ್ಡ್ ಮೂಲಕ ಓಡಿಸಿದೆ, ಎಕ್ಸಾಸ್ಟ್ ಕ್ಯಾಮ್‌ಗೇ ಬಿಟ್ಟಿದೆ. ನಮ್ಮ ರಸ್ತೆಯಲ್ಲೇ ಓಡುವ ಜೀಪ್ ಕಂಪಾಸ್ 1.4 ಪೆಟ್ರೋಲ್‌ನಲ್ಲಿ ಅದನ್ನು ನೋಡಬಹುದು.

ಕಾರ್ಕಳ, ಪಂಪ್‌ಸೆಟ್ ರಿಪೇರಿ:
ಮೇಲಿನವರು ಹೇಳಿದ್ದು ಸರಿ. ಎಂಜಿನ್ ಆರಿಸುವಾಗ ಒಂದು ನೋಡಿ. ಬೈಕಿನ ಎಂಜಿನಿನಲ್ಲಿ ವಾಲ್ವ್ ತೆರೆದೇ ಉಳಿದರೆ ಪಿಸ್ಟನ್ ಬಂದು ಬಡಿಯಬಹುದು, ವಾಲ್ವ್ ಬಗ್ಗುತ್ತದೆ. ಅಡಿಕೆಗೆ ಮದ್ದು ಬಿಡುವ ಪಂಪಿನ ಹಳೇ ಸೀಮೆಎಣ್ಣೆ ಎಂಜಿನ್ ಹುಡುಕಿ, ಸೈಡ್ ವಾಲ್ವ್‌ನದ್ದು. ಅದರಲ್ಲಿ ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಪಿಸ್ಟನ್‌ಗೆ ತಾಗುವ ಪ್ರಶ್ನೆಯೇ ಇಲ್ಲ. ಟ್ಯಾಪೆಟ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ತುಂಡು) ಕವರ್ ತೆಗೆದರೆ ವಾಲ್ವಿನ ಕಾಂಡ, ಸ್ಪ್ರಿಂಗ್ ಎಲ್ಲ ಎದುರಿಗೇ ಕಾಣುತ್ತದೆ. ಇನ್‌ಲೆಟ್‌ನ ಟ್ಯಾಪೆಟ್ ಕಳಚಿ, ಅಲ್ಲಿಂದಲೇ ಲಿವರ್ ಹಾಕಿ ಎತ್ತಬಹುದು.

ಕೇಳಿದವರು, ಸುರತ್ಕಲ್:
ತುಂಬಾ ಉಪಕಾರ. ಸೊಲೆನಾಯ್ಡ್‌ಗೆ ಟೈಮಿಂಗ್ ಕೊಡುವ ಸೆನ್ಸರ್ ಕ್ರ್ಯಾಂಕಿಗೆ ಹಾಕಿದರೆ ಸಾಕಾ?

ಮಣಿಪಾಲ:
ಸಾಲದು. ಒಂದು ಸೈಕಲ್‌ಗೆ ಕ್ರ್ಯಾಂಕ್ ಎರಡು ಸುತ್ತು, ಇನ್‌ಲೆಟ್ ಸ್ಟ್ರೋಕ್ ಯಾವ ಸುತ್ತಿನಲ್ಲಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎಕ್ಸಾಸ್ಟ್‌ಗೆ ಉಳಿಸಿಕೊಂಡ ಕ್ಯಾಮ್ ಸೈಕಲ್‌ಗೆ ಒಂದೇ ಸುತ್ತು; ಅದರ ಗೇರಿಗೆ ಸಣ್ಣ ಆಯಸ್ಕಾಂತ ಅಂಟಿಸಿ, ಎದುರಿಗೆ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇಡಿ. ಇಂಧನ ಹಾಕುವ ಮೊದಲು ಮೋಟರಿನಿಂದ ತಿರುಗಿಸಿ ಟೈಮಿಂಗ್ ಸರಿ ಮಾಡಿಕೊಳ್ಳಿ.