ಪದಚರ್ಚೆ: ‘ಅತೀಂದ್ರಿಯ’ ಮೂಗು, ಕಮಟೋ, ಕಮರೋ?

ಪ್ರಶ್ನೆ (ದಾವಣಗೆರೆ): ಕರಡು ತಿದ್ದಲು ಬಂದಿರುವ ಪತ್ತೇದಾರಿ ಕಾದಂಬರಿಯೊಂದರ ನಾಯಕಿ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುವವಳು. ಪೊಲೀಸರಿಗೆ ಹತ್ತದ ವಾಸನೆ ಇವಳ ಮೂಗಿಗೆ ಹತ್ತುತ್ತದೆ. ಲೇಖಕರು ಇದನ್ನು ‘ಅತೀಂದ್ರಿಯ ಶಕ್ತಿ’ ಎಂದಿದ್ದಾರೆ. ಸರಿಯೇ? ಇನ್ನೊಂದು: ಒಲೆಯ ಬೂದಿಯಿಂದ ‘ಕಮಟು ವಾಸನೆ’ ಬಂತು, ಹಿಂದಿನ ರಾತ್ರಿ ಏನನ್ನೋ ಸುಟ್ಟಿದ್ದಾರೆಂದು ಅವಳಿಗೆ ಹೊಳೆಯಿತು ಎಂದಿದೆ. ಈ ಪದ ಒಪ್ಪುತ್ತದೆಯೇ?

ಉತ್ತರ (ದಾವಣಗೆರೆ): ಅತೀಂದ್ರಿಯ ಬೇಡ ಮೇಡಂ. ಅಲ್ಲಿ ‘ಅತಿ’ ಎಂದರೆ ಹೆಚ್ಚು ಅಲ್ಲ, ಮೀರಿದ್ದು, ಇಂದ್ರಿಯಕ್ಕೆ ನಿಲುಕದ್ದು. ಆ ಪದ ಕಂಡ ಓದುಗ ದಿವ್ಯದೃಷ್ಟಿಗೋ ದೆವ್ವಕ್ಕೋ ಕಾಯುತ್ತಾನೆ, ಸುಳಿವು ಹುಡುಕುವುದನ್ನೇ ಬಿಡುತ್ತಾನೆ. ನಿರೂಪಣೆಯಲ್ಲಿ ‘ತೀಕ್ಷ್ಣ ಘ್ರಾಣಶಕ್ತಿ’ ಒಮ್ಮೆ ಬಂದರೆ ಸಾಕು. ಮಾತಿನಲ್ಲಿ ‘ಆಕಿ ಮೂಗು ಭಾಳ ಚುರುಕು ಐತಿ’ ಅನ್ನಿಸಿ, ನಮ್ಮೂರದೇ ಆಗುತ್ತದೆ.

ಕಮಟು ಅಲ್ಲಿ ತಪ್ಪು. ಹಳೇ ಎಣ್ಣೆ, ಕೆಟ್ಟ ತುಪ್ಪ, ತೊಳೆಯದ ಜಿಡ್ಡು ಬಟ್ಟೆ ಇವುಗಳದ್ದು ಕಮಟು. ಅದಕ್ಕೆ ಬೆಂಕಿ ಬೇಕಿಲ್ಲ, ಗಾಳಿ ಮತ್ತು ದಿನಗಳು ಸಾಕು. ಎಣ್ಣೆ, ಕೊಬ್ಬು, ಕೂದಲು ಸುಟ್ಟರೆ ಕಮರು. ಅನ್ನ, ಹಾಲು ತಳ ಹತ್ತಿದರೆ ಸೀದ ವಾಸನೆ. ಈ ಮೂರನ್ನು ಬೇರೆ ಮಾಡಿಕೊಂಡರೆ ಲೇಖಕರಿಗೆ ಒಳ್ಳೆಯ ಸುಳಿವೇ ಸಿಗುತ್ತದೆ. ಮಂಡಕ್ಕಿ ಹುರಿಯಲು ಎಣ್ಣೆ ಹಾಕುವುದಿಲ್ಲ. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಾರೆ, ಕೆಲವೇ ಸೆಕೆಂಡಿನಲ್ಲಿ ಅರಳುತ್ತದೆ, ಕೂಡಲೇ ಜರಡಿ ಹಿಡಿಯುತ್ತಾರೆ. ಮರಳು ಸಾಕಷ್ಟು ಕಾಯದಿದ್ದರೆ ಅಕ್ಕಿ ಅರಳುವುದಿಲ್ಲ. ತೆಗೆಯುವುದು ತಡವಾದರೆ ಸೀಯುತ್ತದೆ. ಹಾಗಾಗಿ ಅಲ್ಲಿ ಸೀದ ವಾಸನೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳರು. ಕಮರು ಬಂದರೆ, ಆ ಒಲೆಗೆ ಬೇರೇನೋ ಬಿದ್ದಿದೆ! ಆದರೆ ಅದು ಬಾಗಿಲು ದಾಟಿದ ಕ್ಷಣದಲ್ಲೇ ಅವಳಿಗೆ ಹತ್ತಬೇಕು. ಎಂಥ ಚುರುಕು ಮೂಗಾದರೂ ಒಂದೇ ವಾಸನೆಯಲ್ಲಿ ಕೆಲ ನಿಮಿಷ ಇದ್ದರೆ ರೂಢಿಯಾಗಿ ಮಂಕಾಗುತ್ತದೆ. ಅರ್ಧ ಗಂಟೆ ವಿಚಾರಣೆ ನಡೆಸಿ ಆಮೇಲೆ ಮೂಗರಳಿಸಿದರೆ ನಂಬುವುದು ಕಷ್ಟ.

‘ಕಮರಿತು’ ಎಂದು ಕ್ರಿಯಾಪದ ಮಾಡಬೇಡಿ. ಗಿಡ ಕಮರಿತು, ಆಸೆ ಕಮರಿತು ಎಂಬ ಅರ್ಥ ಮುಂದೆ ಬರುತ್ತದೆ. ‘ಕಮರು ವಾಸನೆ’ ಎಂದೇ ಇರಲಿ.

ಮರುತ್ತರ (ಚಳ್ಳಕೆರೆ): ಮೇಲಿನದನ್ನು ಒಪ್ಪುತ್ತೇನೆ. ಆದರೆ ಮಾತಿನಲ್ಲಿ ಎಷ್ಟೋ ಜನ ಕಮಟು, ಕಮರು ಎರಡನ್ನೂ ಒಂದರ ಬದಲು ಇನ್ನೊಂದು ಬಳಸುತ್ತಾರೆ. ಆದ್ದರಿಂದ ಮೊದಲ ಅಧ್ಯಾಯಗಳಲ್ಲೇ ನಾಯಕಿ ಎರಡನ್ನೂ ಬೇರೆ ಬೇರೆ ಕಡೆ ಗುರುತಿಸಿರಲಿ. ಕೊನೆಯಲ್ಲಿ ವಿವರಿಸಿದರೆ ಓದುಗರಿಗೆ ಮೋಸ. ಕಮಟು ಮೂಸಿ ‘ಮೂರು ದಿನದ್ದು’ ಎಂದು ಅವಳಿಂದ ಹೇಳಿಸಬೇಡಿ. ಸಿಪ್ಪೆಯೊಳಗಿನ ಶೇಂಗಾ ತಿಂಗಳುಗಟ್ಟಲೆ ತಡೆಯುತ್ತದೆ, ಒಡೆದು ಹೋಳಾದ ಬೀಜ ಬೇಗ ಕಮಟುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಹೊಸದೋ ಹಳತೋ ಎನ್ನುವಷ್ಟು ಹೇಳಿಸಬಹುದು, ದಿನದ ಲೆಕ್ಕಕ್ಕೆ ಬೇರೆ ಸಾಕ್ಷಿ ಇಡಿ.