ಆಸ್ಟ್ರೇಲಿಯಾ ರಗ್ಬಿ ತನ್ನ ಹುಡುಗರನ್ನು ಯಾಕೆ ಕಳೆದುಕೊಳ್ಳುತ್ತಿದೆ? ಕಬಡ್ಡಿ ಹೇಳಿಕೊಡುವವನ ಪ್ರಶ್ನೆ

ಮದ್ದೂರು ಪಿ.ಟಿ. ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕಬಡ್ಡಿ, ಖೋ ಖೋ ಹೇಳಿಕೊಡುತ್ತೇನೆ. ಮೆಲ್ಬರ್ನ್‌ನಲ್ಲಿರುವ ನಮ್ಮಕ್ಕನ ಮಗನಿಂದ ನನಗೂ ರಗ್ಬಿ ಹುಚ್ಚು ಹತ್ತಿದೆ. 2025ರ ಜುಲೈನಲ್ಲಿ ಬ್ರಿಟಿಷ್ ಅಂಡ್ ಐರಿಶ್ ಲಯನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡಿನ ಆಟಗಾರರು ಸೇರಿದ ತಂಡ) ಆಸ್ಟ್ರೇಲಿಯಾಕ್ಕೆ ಹೋಗಿತ್ತಲ್ಲ, ಬ್ರಿಸ್ಬೇನ್‌ನ ಮೊದಲ ಟೆಸ್ಟ್ ಪೂರ್ತಿ ನೋಡಿದೆ. ಲಯನ್ಸ್‌ಗೆ ಮೊದಲ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಗಳಿಸುವ ಅಂಕ) ಹೊಡೆದವನು ಸಿಯೋನಿ ಟುಯಿಪುಲೋಟು, ಸ್ಕಾಟ್ಲೆಂಡಿನ ಆಟಗಾರ. ಆದರೆ ಅವನು ಹುಟ್ಟಿ ಬೆಳೆದಿದ್ದು ಮೆಲ್ಬರ್ನ್ ಕಡೆ, ಮೊದಲು ಆಡಿದ್ದು ಅಲ್ಲಿನ ವೃತ್ತಿಪರ ತಂಡ ಮೆಲ್ಬರ್ನ್ ರೆಬೆಲ್ಸ್‌ಗೆ. ಅಜ್ಜಿ ಸ್ಕಾಟ್ಲೆಂಡಿನವರಾದ್ದರಿಂದ ಆ ದೇಶಕ್ಕೆ ಆಡುತ್ತಾನೆ. ಅದೇ ಲಯನ್ಸ್ ತಂಡದಲ್ಲಿದ್ದ ಮ್ಯಾಕ್ ಹ್ಯಾನ್ಸನ್ ಕ್ಯಾನ್‌ಬೆರಾದ ಹುಡುಗ, ಆಡುವುದು ಐರ್ಲೆಂಡಿಗೆ. ತಾವೇ ಬೆಳೆಸಿದ ಹುಡುಗರು ಎದುರಾಳಿಯಾಗಿ ಬಂದು ಗೆದ್ದು ಹೋದರು.

ಅಷ್ಟು ದುಡ್ಡು, ಅಷ್ಟು ಮೈದಾನ ಇರುವ ದೇಶ ಅದು. ಅವರಿಗೇ ಯಾಕೆ ಹೀಗೆ? ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನನ್ನ ಹತ್ತಿರ ಒಬ್ಬ ರೈಡರ್ ಇದ್ದ. ಎಡಗಾಲಲ್ಲಿ ಬೋನಸ್ ಗೆರೆ ದಾಟಿ, ಕಾರ್ನರ್‌ನಲ್ಲಿರುವವನು ಬಗ್ಗುವಷ್ಟರಲ್ಲಿ ವಾಪಸ್ ಬಂದುಬಿಡುತ್ತಿದ್ದ. ಪಿಯುಸಿ ಆಯಿತು, ಆಡಲು ತಂಡ ಇಲ್ಲ. ಈಗ ಕಬ್ಬಿನ ಲಾರಿ ಓಡಿಸುತ್ತಾನೆ. ಅವನಂಥವರು ಇನ್ನೂ ಇದ್ದಾರೆ. ಬಲ್ಲವರು ಹೇಳಿ.

ಕೂಜಿ ಟು ಕುವೆಂಪುನಗರ:

ಮೇಷ್ಟ್ರೇ, ನಾನು ತುಂಬಾ ವರ್ಷ ಸಿಡ್ನಿಯ ಕೂಜಿಯಲ್ಲಿದ್ದು ಈಗ ಮೈಸೂರಿಗೆ ವಾಪಸ್ ಬಂದವನು. ಅಲ್ಲಿ ನಮ್ಮ ಮನೆ ಹತ್ತಿರವೇ ಕೂಜಿ ಓವಲ್, ರಾಂಡ್ವಿಕ್ ಕ್ಲಬ್‌ನ ಮೈದಾನ. ರಸ್ತೆ ದಾಟಿದರೆ ಸಮುದ್ರ. ಸಿಡ್ನಿಯ ಕ್ಲಬ್ ಟೂರ್ನಿಗೆ ಶೂಟ್ ಶೀಲ್ಡ್ ಅಂತ ಹೆಸರು. ಶನಿವಾರ ಬಂತೆಂದರೆ ಚಿಕ್ಕವರ ಕೋಲ್ಟ್ಸ್ ತಂಡಗಳು, ನಾಲ್ಕನೇ ಗ್ರೇಡ್, ಮೂರನೇ ಗ್ರೇಡ್, ಎರಡನೇ ಗ್ರೇಡ್, ಕೊನೆಗೆ ಮಧ್ಯಾಹ್ನ ಮುಖ್ಯ ತಂಡ. ಎರಡನೇ ಗ್ರೇಡ್ ಆಡಿ ಮುಗಿಸಿದ ಹುಡುಗ ಮೊಣಕಾಲಿಗೆ ಹೊಸ ಟೇಪ್ ಸುತ್ತಿಸಿಕೊಂಡು, ಒಂದು ಬಾಳೆಹಣ್ಣು ತಿಂದು, ಮಣ್ಣಾದ ಚಡ್ಡಿಯಲ್ಲೇ ಮುಖ್ಯ ತಂಡದ ಬೆಂಚಿನ ಮೇಲೆ ಕೂರುತ್ತಿದ್ದ. ಯಾರಿಗಾದರೂ ಪೆಟ್ಟಾದರೆ ಇವನೇ ಇಳಿಯಬೇಕು. ಈ ಮೆಟ್ಟಿಲು ಇರುವ ತನಕ ಹುಡುಗ ಆಟ ಬಿಡುವುದಿಲ್ಲ.

ಕಷ್ಟ ಇರುವುದು ಇದರ ಕೆಳಗೆ ಮತ್ತು ಮೇಲೆ. ಮೊದಲು ಕೆಳಗಿನದು. ರಾಂಡ್ವಿಕ್‌ನ ದೊಡ್ಡ ಹೆಸರು 'ಎಲ್ಲಾ' (Ella) ಎಂಬ ಮನೆತನದ ಮೂವರು ಸಹೋದರರು: ಮಾರ್ಕ್, ಗ್ಲೆನ್, ಗ್ಯಾರಿ. ಲಾ ಪೆರೂಸ್‌ನ ಮೂಲನಿವಾಸಿ ಕುಟುಂಬ, ಓದಿದ್ದು ಮ್ಯಾಟ್ರಾವಿಲ್‌ನ ಸರ್ಕಾರಿ ಹೈಸ್ಕೂಲು. 1984ರಲ್ಲಿ ಆಸ್ಟ್ರೇಲಿಯಾ ತಂಡ ಬ್ರಿಟನ್-ಐರ್ಲೆಂಡ್ ಪ್ರವಾಸ ಹೋದಾಗ ಮಾರ್ಕ್ ನಾಲ್ಕೂ ಟೆಸ್ಟ್‌ಗಳಲ್ಲಿ ಟ್ರೈ ಹೊಡೆದರು. ಇವತ್ತು ಸರ್ಕಾರಿ ಶಾಲೆಯಿಂದ ಹಾಗೆ ಮೇಲೆ ಬರುವುದು ಬಹಳ ಕಷ್ಟ. ದಾರಿ ಹೆಚ್ಚಾಗಿ ದುಬಾರಿ ಖಾಸಗಿ ಶಾಲೆಗಳ ಮೂಲಕವೇ. ಪಶ್ಚಿಮ ಸಿಡ್ನಿಯಲ್ಲಿ ಸಮೋವಾ, ಟೋಂಗಾ ಮೂಲದ ಎಷ್ಟೊಂದು ಗಟ್ಟಿ ಹುಡುಗರಿದ್ದಾರೆ, ಅಲ್ಲಿನ ಪೆನ್ರಿತ್ ಕ್ಲಬ್ಬನ್ನು 2018ರಲ್ಲಿ ಶೂಟ್ ಶೀಲ್ಡ್‌ನಿಂದ ತೆಗೆದೇಬಿಟ್ಟರು. ಆ ಸುದ್ದಿ ಓದಿದಾಗ ಆದ ಬೇಜಾರು ಇವತ್ತಿಗೂ ಹೋಗಿಲ್ಲ.

ಖಾಸಗಿ ಶಾಲೆಯಲ್ಲಿ ತಯಾರಾದವರಾದರೂ ಉಳಿಯುತ್ತಾರಾ? ಕ್ಯಾಮರನ್ ಮರ್ರಿ ನ್ಯೂಯಿಂಗ್ಟನ್ ಕಾಲೇಜು, ಆಂಗಸ್ ಕ್ರೈಟನ್ ಸ್ಕಾಟ್ಸ್ ಕಾಲೇಜು, ಕೇಲಿನ್ ಪೊಂಗಾ ಬ್ರಿಸ್ಬೇನ್‌ನ ಚರ್ಚಿ. ಮೂವರೂ ಹೋಗಿದ್ದು 13 ಜನರ ರಗ್ಬಿ ಲೀಗ್‌ಗೆ. ನಾವು ಇಲ್ಲಿ ಮಾತಾಡುತ್ತಿರುವುದು 15 ಜನರ ರಗ್ಬಿ ಯೂನಿಯನ್; ಲೀಗ್ ಬೇರೆಯೇ ಆಟ. ಯಾಕೆ ಹೋಗಬಾರದು? ಲೀಗ್‌ನಲ್ಲಿ 17 ವೃತ್ತಿಪರ ತಂಡ, ಅವುಗಳ ಕೆಳಗೆ ಕಿರಿಯರ ತಂಡಗಳು. ಯೂನಿಯನ್‌ನಲ್ಲಿ ರೆಬೆಲ್ಸ್ 2024ರಲ್ಲಿ ಮುಚ್ಚಿದ ಮೇಲೆ ಸೂಪರ್ ರಗ್ಬಿ ಎಂಬ ವೃತ್ತಿಪರ ಟೂರ್ನಿಯಲ್ಲಿ ಆಸ್ಟ್ರೇಲಿಯಾಕ್ಕೆ ಉಳಿದಿದ್ದು ನಾಲ್ಕೇ: ವಾರಟಾಸ್, ರೆಡ್ಸ್, ಬ್ರಂಬೀಸ್, ವೆಸ್ಟರ್ನ್ ಫೋರ್ಸ್. ಕ್ಲಬ್ಬಿಗೂ ಈ ತಂಡಗಳಿಗೂ ನಡುವೆ ಒಂದು ರಾಷ್ಟ್ರೀಯ ಟೂರ್ನಿ ಇತ್ತು, 2014ರಿಂದ 2019ರವರೆಗೆ. ಅದನ್ನೂ ನಿಲ್ಲಿಸಿದರು. 19 ವರ್ಷದವನು ಎಲ್ಲಿ ಆಡಬೇಕು ಹೇಳಿ.

ಇನ್ನು ಜೋಸೆಫ್ ಸುವಾಲಿ. ಅವನ ಆಟ ನನಗೆ ಪ್ರಾಣ. 2024ರ ನವೆಂಬರ್‌ನಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಅವನ ಮೊದಲ ಟೆಸ್ಟ್, ಇಂಗ್ಲೆಂಡ್ ಮೇಲೆ 42-37ರ ಗೆಲುವು. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಆದರೂ ಹೇಳುತ್ತೇನೆ. ಅವನು ಖಾಸಗಿ ಶಾಲೆಯಲ್ಲಿ ಯೂನಿಯನ್ ಆಡುತ್ತಿದ್ದವನೇ. ಲೀಗ್‌ನವರು ಅವನನ್ನು 17ಕ್ಕೇ ಮುಖ್ಯ ತಂಡದಲ್ಲಿ ಆಡಿಸಿದರು. ಮತ್ತೆ ಕರೆತರಲು ವರ್ಷಕ್ಕೆ ಸುಮಾರು 16 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಪತ್ರಿಕೆಗಳು ಬರೆದವು. ಅದೇ 2024ರಲ್ಲಿ ಮಾರ್ಕ್ ನವಾಕನಿಟವಾಸೆ ಯೂನಿಯನ್ ಬಿಟ್ಟು ಸುವಾಲಿ ಇದ್ದ ಸಿಡ್ನಿ ರೂಸ್ಟರ್ಸ್‌ಗೇ ಹೋದ. ಆ ದುಡ್ಡಿನಲ್ಲಿ ಒಂದು ಪಾಲು 18ರಿಂದ 21ರ ಹುಡುಗರಿಗೆ ಸಿಕ್ಕಿದ್ದರೆ ಎಷ್ಟು ಜನ ಉಳಿಯುತ್ತಿದ್ದರು! ಈಗ 16 ಮತ್ತು 19ರ ಒಳಗಿನವರಿಗೆ ಸೂಪರ್ ರಗ್ಬಿ ತಂಡಗಳ ಹೆಸರಲ್ಲೇ ಟೂರ್ನಿ ನಡೆಸುತ್ತಿದ್ದಾರೆ. ಒಳ್ಳೆಯದು, ಮುಂಚೆಯೇ ಮಾಡಬೇಕಿತ್ತು.

ಮಂಡ್ಯ ಲಯನ್:

ಹೊರದೇಶಕ್ಕೆ ಹೋದವರನ್ನು ದೇಶದ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಅಂದರೆ ಆಯ್ತಲ್ವಾ ಸಾರ್? ಆಗ ಯಾರೂ ಹೋಗುವುದಿಲ್ಲ.

ಕೂಜಿ ಟು ಕುವೆಂಪುನಗರ:

ಹಾಗೇ ಇತ್ತು ತಮ್ಮಾ. ಫ್ರಾನ್ಸ್‌ನ ಟೂಲಾನ್‌ನಲ್ಲಿದ್ದ ಮ್ಯಾಟ್ ಗಿಟೋನಂಥವರು ಬೇಕಾದಾಗ 2015ರಲ್ಲಿ ಸಡಿಲ ಮಾಡಿದರು. 60 ಟೆಸ್ಟ್ ಆಡಿ, ಆಸ್ಟ್ರೇಲಿಯಾದಲ್ಲಿ 7 ವರ್ಷ ಸೇವೆ ಮಾಡಿದವರಿಗೆ ಮಾತ್ರ ಅವಕಾಶ. ಆ ವರ್ಷ ವಿಶ್ವಕಪ್ ಫೈನಲ್ ತನಕ ಹೋದರು. ಆಮೇಲೆ ಇನ್ನೂ ಸಡಿಲವಾಯಿತು. ಆದರೆ ನಿಯಮ ತಡೆಯುವುದು ಈಗಾಗಲೇ ಹೆಸರು ಮಾಡಿದವನನ್ನು. ಟುಯಿಪುಲೋಟು ಹೊರಟಾಗ ಒಂದು ಟೆಸ್ಟನ್ನೂ ಆಡಿರಲಿಲ್ಲ. ಅವನಿಗೆ ಯಾವ ನಿಯಮ?

ನರಸೀಪುರ ಖೋ ಖೋ:

ಮೇಷ್ಟ್ರೇ, ನಾನು ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು ಹೇಳುತ್ತೇನೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸೆವೆನ್ಸ್ (ತಂಡಕ್ಕೆ 7 ಜನರ) ರಗ್ಬಿ ಚಿನ್ನ ಗೆದ್ದಿದ್ದು ಆಸ್ಟ್ರೇಲಿಯಾ. ಶಾರ್ಲಟ್ ಕ್ಯಾಸ್ಲಿಕ್ ಸೇರಿ ಹಲವರು ಟಚ್ ಫುಟ್ಬಾಲ್‌ನಿಂದ (ಕೆಡವದೆ ಬರೀ ಮುಟ್ಟಿ ತಡೆಯುವ ರಗ್ಬಿಯಂಥ ಆಟ) ಬಂದವರು. ಅವರನ್ನು ಹುಡುಕಿ, ಸಿಡ್ನಿಯ ನ್ಯಾರಬೀನ್‌ನಲ್ಲಿ ಒಂದೇ ಕಡೆ ಇರಿಸಿ, ಪೂರ್ಣಾವಧಿ ಸಂಬಳ ಕೊಟ್ಟರು. ಕ್ಯಾಸ್ಲಿಕ್ 2020ರಲ್ಲಿ ಲೀಗ್‌ಗೆ ಹೋಗಿ, ಮತ್ತೆ ವಾಪಸ್ ಬಂದರು. ಬರಲು ಒಂದು ಜಾಗ ಇತ್ತು, ಅದಕ್ಕೇ ಬಂದರು.

ನಮ್ಮದನ್ನು ನೋಡಿ. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ತಂಡಗಳಲ್ಲಿ ನಮ್ಮ ಕುರುಬೂರಿನ ಚೈತ್ರಾ, ನಿಮ್ಮ ಮಂಡ್ಯ ಜಿಲ್ಲೆಯ ಗೌತಮ್ ಇದ್ದರು. ಸರ್ಕಾರ 5 ಲಕ್ಷ ಎಂದಿತು. ಇಬ್ಬರೂ ಬೇಡ ಎಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು. ಅವರು ಬೇಡ ಎಂದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮೂರ ಹುಡುಗಿಯರ ಅಪ್ಪ ಅಮ್ಮ ನನ್ನನ್ನು ಕೇಳುವುದು ಪದಕದ ವಿಷಯ ಅಲ್ಲ, ಕೆಲಸ ಸಿಗುತ್ತಾ ಅಂತ.

ಮದ್ದೂರು ಪಿ.ಟಿ. ಮೇಷ್ಟ್ರು:

ಇಬ್ಬರಿಗೂ ತುಂಬಾ ಧನ್ಯವಾದ. ಎರಡನೇ ಗ್ರೇಡ್, ಮೂರನೇ ಗ್ರೇಡ್ ವಿಷಯ ಓದಿ ಒಂದು ನಿರ್ಧಾರ ಮಾಡಿದೆ. ಶಾಲೆ ಬಿಟ್ಟ ಹುಡುಗರಿಗೆ ಭಾನುವಾರ ಬೆಳಿಗ್ಗೆ ಎರಡು ತಂಡ ಮಾಡುತ್ತೇನೆ, ಕೆಲಸಕ್ಕೆ ಹೋಗುವವರೂ ಬರುವ ಹಾಗೆ. ಲಾರಿ ಹುಡುಗನಿಗೆ ಫೋನ್ ಮಾಡಿದೆ, ಕಾರ್ಖಾನೆ ನಿಂತ ಮೇಲೆ ಬರ್ತೀನಿ ಸಾರ್ ಅಂದ. ನರಸೀಪುರದ ಅಕ್ಕಾ, ನಿಮ್ಮಲ್ಲಿ ಹಳೆಯ ಮ್ಯಾಟ್ ಇದ್ದರೆ ತಿಳಿಸಿ, ಟೆಂಪೋ ಕಳಿಸುತ್ತೇನೆ.