ಲೋಟಸ್ 72ಡಿ (1:43): ಚಿನ್ನದ ಗೆರೆಯ ಡೀಕಲ್ ಅಡಿಯಲ್ಲಿ ಬೆಳ್ಳಗೆ ಮಿನುಗುತ್ತಿದೆ, ಏನು ಮಾಡಲಿ?

ಪುಟ್ಟಗಾಲಿ:
ಎಲ್ಲರಿಗೂ ನಮಸ್ಕಾರ. 1972ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಫಾರ್ಮುಲಾ ಒನ್ ರೇಸ್ ಚಾಂಪಿಯನ್ ಆದ ಲೋಟಸ್ ಗಾಡಿಯ ಪುಟ್ಟ ಮಾದರಿ (ನಿಜವಾದದ್ದರ 43ರಲ್ಲಿ ಒಂದರಷ್ಟು ಅಳತೆ) ಮಾಡುತ್ತಿದ್ದೇನೆ. ಕಪ್ಪು ಮೈ, ಮೇಲೆ ಚಿನ್ನದ ಸಣ್ಣ ಗೆರೆಗಳು. ಗೆರೆಗಳೆಲ್ಲ ಡೀಕಲ್, ಅಂದರೆ ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಅಂಟಿಸುವ, ತೆಳು ಪಾರದರ್ಶಕ ಫಿಲ್ಮ್ ಮೇಲೆ ಅಚ್ಚಾದ ಚಿತ್ರ.

ರಾತ್ರಿ ಅಂಟಿಸಿದಾಗ ಚೆನ್ನಾಗಿತ್ತು. ಬೆಳಿಗ್ಗೆ ನೋಡಿದರೆ ಗೆರೆಯ ಎರಡೂ ಕಡೆ, ಫಿಲ್ಮ್ ಇರುವಷ್ಟೂ ಜಾಗ, ಬೂದಿ ಸವರಿದ ಹಾಗೆ ಬೆಳ್ಳಗಾಗಿದೆ. ಪಕ್ಕದ ರೇಡಿಯೇಟರ್ ಗೂಡಿನ ಅಂಚಿನಲ್ಲಂತೂ ಡೀಕಲ್ ಎದ್ದೇ ನಿಂತಿದೆ. ಎಡಗಡೆ ಮಾತ್ರ ಅಂಟಿಸಿದ್ದೇನೆ, ಬಲಗಡೆ ಬಾಕಿ ಇದೆ. ಇನ್ನೊಂದು ಶೀಟ್ ಸಿಗುವುದು ಕಷ್ಟ. ದಯವಿಟ್ಟು ದಾರಿ ತೋರಿಸಿ.

ಬಣ್ಣದಡಬ್ಬಿ:
ಬಲಗಡೆ ಸದ್ಯಕ್ಕೆ ಮುಟ್ಟಬೇಡಿ. ಒಂದು ಪ್ರಶ್ನೆ: ಕಪ್ಪು ಬಣ್ಣ ಯಾವುದು, ಮ್ಯಾಟ್ (ಹೊಳಪಿಲ್ಲದ್ದು) ಅಥವಾ ಗ್ಲಾಸಿ (ಹೊಳಪಿನದು)?

ಪುಟ್ಟಗಾಲಿ:
ಮ್ಯಾಟ್ ಸರ್. ಅಂಗಡಿಯಲ್ಲಿ ಅದೊಂದೇ ಸ್ಪ್ರೇ ಇತ್ತು. ಕೊನೆಗೆ ಹೇಗೂ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಲ್ಯಾಕರ್) ಹೊಡೆಯುತ್ತೇನಲ್ವಾ, ಆಗ ಹೊಳಪು ಬರುತ್ತದೆ ಅಂದುಕೊಂಡೆ.

ಬಣ್ಣದಡಬ್ಬಿ:
ಕಾರಣ ಅದೇ. ಡೀಕಲ್‌ನಲ್ಲಿ ತಪ್ಪಿಲ್ಲ. ಮ್ಯಾಟ್ ಬಣ್ಣ ಕೈಗೆ ನಯ ಅನಿಸಿದರೂ ಉಪ್ಪುಕಾಗದದ ಹಾಗೆ ತರಿತರಿ. ಆ ಸಣ್ಣ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ಇರುವಷ್ಟು ಹೊತ್ತು ಗೊತ್ತಾಗುವುದಿಲ್ಲ, ಆರಿದ ಮೇಲೆ ಗಾಳಿ ಬೆಳಕಿಗೆ ಮಿನುಗುತ್ತದೆ. ಇದನ್ನೇ ಸಿಲ್ವರಿಂಗ್ ಅನ್ನುವುದು. ಕಪ್ಪು ಮೈ ಮೇಲೆ ಇನ್ನೂ ಜಾಸ್ತಿ ಕಾಣುತ್ತದೆ. ಮೇಲೆ ಎಷ್ಟು ಕ್ಲಿಯರ್ ಹೊಡೆದರೂ ಒಳಗಿನ ಗಾಳಿ ಹೋಗುವುದಿಲ್ಲ. ಕ್ಲಿಯರ್ ಮೊದಲು ಡೀಕಲ್ ಕೆಳಗೆ ಬೇಕು.

ಎಡಗಡೆ ಉಳಿಸಬಹುದು. ತೆಳು ಸೂಜಿಯಿಂದ ಬೆಳ್ಳಗಿರುವ ಕಡೆ ಮಾತ್ರ ಚುಚ್ಚಿ, ಚಿನ್ನದ ಗೆರೆಗೆ ತಾಗದಂತೆ. ಮೇಲೆ ಡೀಕಲ್ ಮೆದುವಾಗಿಸುವ ದ್ರವ, ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್, ಒಂದು ಹನಿ ಬ್ರಶ್ಶಿನಿಂದ ಇಡಿ. ತೂತಿನಿಂದ ಒಳಗೆ ಇಳಿದು ಫಿಲ್ಮನ್ನು ಮೆತ್ತಗೆ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಡೀಕಲ್ ಸುಕ್ಕುಸುಕ್ಕಾಗುತ್ತದೆ. ಎದೆ ಝಲ್ಲೆನ್ನುತ್ತದೆ, ಆದರೂ ದಯವಿಟ್ಟು ಕೈ ಹಾಕಬೇಡಿ! ಆರುತ್ತಾ ತಾನೇ ಬಿಗಿದುಕೊಳ್ಳುತ್ತದೆ. ಆಗ ಬೆರಳು ಇಟ್ಟರೆ ಹರಿದೇ ಹೋಗುತ್ತದೆ. ಪೂರ್ತಿ ಒಣಗಿಸಿ, ಬೇಕಾದರೆ ಮತ್ತೆ ಚುಚ್ಚಿ ಮತ್ತೆ ಹಚ್ಚಿ.

ಬಲಗಡೆಗೆ ಗ್ಲಾಸಿ ಕ್ಲಿಯರ್ ತೆಳುವಾಗಿ ಎರಡು ಮೂರು ಕೋಟ್ ಹೊಡೆದು, ಕಡಿಮೆ ಅಂದರೂ ಒಂದು ದಿನ ಒಣಗಲು ಬಿಡಿ. ಸ್ಪ್ರೇ ತಾಗದಂತೆ ಎಡಗಡೆ ಮುಚ್ಚಲು ಟೇಪ್ ಬೇಡ, ಡೀಕಲ್ ಕಿತ್ತು ಬರುತ್ತದೆ. ಕಾಗದ ಸುಮ್ನೆ ಸುತ್ತಿದರೆ ಸಾಕು.

ಸಣ್ಣಬ್ರಶ್:
ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಚಿನ್ನದ ಶಾಯಿ ಕೆಲವು ಶೀಟ್‌ಗಳಲ್ಲಿ ನಾಜೂಕು. ಶೀಟ್‌ನಲ್ಲಿ ಬೇಡದ ಒಂದು ಅಕ್ಷರ ಕತ್ತರಿಸಿ, ಬೇರೆ ಪ್ಲಾಸ್ಟಿಕ್ ತುಂಡಿಗೆ ಅಂಟಿಸಿ, ಮೊದಲು ಅದರ ಮೇಲೆ ಸಾಫ್ಟರ್ ಹಾಕಿ ನೋಡಿ.

ಗೂಡಿನ ಅಂಚಿಗೆ ಉದ್ದ ಗೆರೆಯನ್ನು ಒಂದೇ ತುಂಡಾಗಿ ಬಗ್ಗಿಸಬೇಡಿ. ಅಂಚು ತಿರುಗುವಲ್ಲಿ ಹೊಸ ಬ್ಲೇಡಿನಿಂದ ಎರಡು ತುಂಡು ಮಾಡಿ. ಗೆರೆಯ ಆಚೀಚಿನ ಫಿಲ್ಮನ್ನೂ ಆದಷ್ಟು ಕತ್ತರಿಸಿ ತೆಗೆಯಿರಿ. ಫಿಲ್ಮ್ ಕಡಿಮೆಯಾದಷ್ಟೂ ಬೆಳ್ಳಗಾಗುವ ಜಾಗ ಕಡಿಮೆ. ನಿಜವಾದ ಗಾಡಿಯಲ್ಲಿ 10 ಮಿ.ಮೀ. ಇರುವ ಗೆರೆ ಈ ಅಳತೆಯಲ್ಲಿ 0.23 ಮಿ.ಮೀ. ಮಾತ್ರ. ಅದರ ಪಕ್ಕ ಒಂದು ಮಿ.ಮೀ. ಫಿಲ್ಮ್ ಉಳಿದರೂ ಕಣ್ಣಿಗೆ ಹೊಡೆಯುತ್ತದೆ.

ನೀರು ಯಾವುದು ಬಳಸುತ್ತೀರಿ? ಬೋರ್‌ವೆಲ್ ನೀರಾದರೆ ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದೂ ಸಿಲ್ವರಿಂಗ್ ಥರ ಕಾಣಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ನಾನು ಉಗುರುಬೆಚ್ಚಗೆ ಮಾಡಿಕೊಳ್ಳುತ್ತೇನೆ. ಹತ್ತು ಹದಿನೈದು ಸೆಕೆಂಡ್ ಮುಳುಗಿಸಿ, ಹೊರಗೆ ತೆಗೆದು ಒಂದು ನಿಮಿಷ ಬಿಡಿ. ನೀರಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದು ಹೋಗುತ್ತದೆ.

ಪುಟ್ಟಗಾಲಿ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ನೀರು ನಮ್ಮನೆಯ ಬೋರ್‌ವೆಲ್‌ದೇ ಆಗಿತ್ತು, ಈಗ ಬದಲಿಸಿದೆ. ಬಲಗಡೆ ಗ್ಲಾಸಿ ಕ್ಲಿಯರ್ ಹೊಡೆದು ಡೀಕಲ್ ಅಂಟಿಸಿದೆ. ಬಣ್ಣದಲ್ಲೇ ಬರೆದ ಹಾಗೆ ಕೂತಿದೆ, ಫಿಲ್ಮ್ ಎಲ್ಲಿದೆ ಅಂತ ನನಗೇ ಕಾಣುತ್ತಿಲ್ಲ! ಎಡಗಡೆ ಮೂರು ಸಲ ಚುಚ್ಚಿ ಹಚ್ಚಿದ ಮೇಲೆ ಬೆಳ್ಳಗಿದ್ದದ್ದು ಹೋಯಿತು. ಗೂಡಿನ ಅಂಚಿನಲ್ಲಿ ಮಾತ್ರ ಗೆರೆ ಅರ್ಧ ಮಿ.ಮೀ. ಒಡೆದಿದೆ. ಅಲ್ಲಿ ಚಿನ್ನದ ಬಣ್ಣ ಮುಟ್ಟಿಸಿ, ಆಮೇಲೆ ಕೊನೆಯ ಕ್ಲಿಯರ್ ಹೊಡೆಯಲೇ?

ಬಣ್ಣದಡಬ್ಬಿ:
ಹೌದು, ಬ್ರಶ್ ಬದಲು ಟೂತ್‌ಪಿಕ್ ತುದಿಯಿಂದ ಮುಟ್ಟಿಸಿ. ಕ್ಲಿಯರ್ ಹೊಡೆಯುವ ಮೊದಲು ಒದ್ದೆ ಹತ್ತಿಯಿಂದ ಸಾಫ್ಟರ್ ಕಲೆ ಒರೆಸಿ, ಒಂದು ರಾತ್ರಿ ಬಿಡಿ. ಮೊದಲ ಕೋಟ್ ದೂರದಿಂದ, ಮಂಜು ಬಿದ್ದಷ್ಟೇ ಇರಲಿ. ಲ್ಯಾಕರ್ ಒಮ್ಮೆಲೇ ಒದ್ದೆಯಾಗಿ ಬಿದ್ದರೆ ಡೀಕಲ್ ಮುದುಡುತ್ತದೆ. ಮುಗಿದ ಮೇಲೆ ಎರಡೂ ಕಡೆಯ ಫೋಟೋ ಹಾಕಿ.